ಕ್ವಾರ್ಟರ್‌ಬ್ಯಾಕ್‌ಗೆ ಎಷ್ಟು ಬೆಲೆ? ನನ್ನ ಡ್ರಾಫ್ಟ್ ಲೆಕ್ಕ

2024ರ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಋತುವಿನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡದಲ್ಲಿ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ 2,005 ಯಾರ್ಡ್ ಓಡಿದರು. ಪಾಸ್ ಹಿಡಿದು ಇನ್ನೂ 278 ಯಾರ್ಡ್ ಸೇರಿಸಿದರು, ಒಟ್ಟು 15 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು) ಗಳಿಸಿದರು. ನಿಜ ಆಟಗಾರರನ್ನು ಆರಿಸಿ ಅವರ ಆಟಕ್ಕೆ ಅಂಕ ಎಣಿಸುವ ನಮ್ಮ ಫ್ಯಾಂಟಸಿ ಲೀಗಿನ ಲೆಕ್ಕಕ್ಕೆ ಅದು 318 ಅಂಕ. ಅದೇ ವರ್ಷ ಮಿನೆಸೋಟಾ ವೈಕಿಂಗ್ಸ್‌ನ ಕ್ವಾರ್ಟರ್‌ಬ್ಯಾಕ್ (ಆಟ ನಡೆಸಿ ಚೆಂಡು ಎಸೆಯುವವರು) ಸ್ಯಾಮ್ ಡಾರ್ನಾಲ್ಡ್ 4,319 ಯಾರ್ಡ್ ಎಸೆದರು, 35 ಟಚ್‌ಡೌನ್ ಪಾಸ್ ಕೊಟ್ಟರು. ಅದರ ಜೊತೆಗೆ ಸ್ವಲ್ಪ ಓಟವನ್ನೂ ಸೇರಿಸಿ, 12 ಇಂಟರ್‌ಸೆಪ್ಷನ್‌ಗಳ (ಎಸೆತವನ್ನು ಎದುರಾಳಿ ಹಿಡಿದದ್ದು) ದಂಡ ಕಳೆದರೆ 316 ಅಂಕ. ಹೆಚ್ಚುಕಡಿಮೆ ಸಮ. ಆದರೆ ನಮ್ಮ ಡ್ರಾಫ್ಟ್‌ನಲ್ಲಿ, ಅಂದರೆ ಆಟಗಾರರನ್ನು ಸರದಿಯಂತೆ ಆರಿಸುವಾಗ, ಬಾರ್ಕ್ಲಿ ಮೊದಲ ಸುತ್ತಿನಲ್ಲೇ ಹೋದರು, ಡಾರ್ನಾಲ್ಡ್ ಹೆಸರನ್ನು ಯಾರೂ ಎತ್ತಲೇ ಇಲ್ಲ. ಋತು ಮುಗಿದು ಅಂಕಪಟ್ಟಿ ಕೈಗೆ ಬಂದ ಮೇಲೂ, ಬಾರ್ಕ್ಲಿ ಅವರನ್ನು ಕೊಟ್ಟು ಡಾರ್ನಾಲ್ಡ್ ಅವರನ್ನು ತೆಗೆದುಕೊಳ್ಳುತ್ತೇನೆ ಎನ್ನುವವರು ನಮ್ಮ ಹನ್ನೆರಡು ಜನರಲ್ಲಿ ಒಬ್ಬರೂ ಸಿಗಲಾರರು. ಹಾಗೇಕೆ ಎನ್ನುವುದು ತಿಳಿದರೆ ಕ್ವಾರ್ಟರ್‌ಬ್ಯಾಕ್‌ಗೆ ಬೆಲೆ ಕಟ್ಟುವ ಕೆಲಸದ ಮುಕ್ಕಾಲು ಪಾಲು ತಿಳಿದಂತೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಕಚೇರಿಯ ಹನ್ನೆರಡು ಜನರ ಲೀಗು, ಆಗಸ್ಟ್ ಕೊನೆಯಲ್ಲಿ ಡ್ರಾಫ್ಟ್. ಊರಿನಲ್ಲಿ ಫ್ಯಾಂಟಸಿ ಕ್ರಿಕೆಟ್ ಆಡಿದವರಿಗೆ ಇಲ್ಲಿ ಒಂದು ವ್ಯತ್ಯಾಸ ಮೊದಲು ಗೊತ್ತಿರಬೇಕು. ಅಲ್ಲಿ ಒಬ್ಬನೇ ಆಟಗಾರನನ್ನು ಲಕ್ಷ ಜನ ಆರಿಸಿಕೊಳ್ಳಬಹುದು. ಇಲ್ಲಿ ಒಬ್ಬ ಆಟಗಾರ ಲೀಗಿನ ಒಂದೇ ತಂಡಕ್ಕೆ ಸೇರುತ್ತಾನೆ. ನಾನು ತೆಗೆದುಕೊಂಡರೆ ಉಳಿದ ಹನ್ನೊಂದು ಜನರಿಗೆ ಅವನಿಲ್ಲ. ಆಯ್ಕೆ ಸರದಿಯ ಮೇಲೆ ನಡೆಯುತ್ತದೆ. ಮೊದಲ ಸುತ್ತಿನಲ್ಲಿ ಒಂದರಿಂದ ಹನ್ನೆರಡು, ಎರಡನೆಯದರಲ್ಲಿ ಹನ್ನೆರಡರಿಂದ ಒಂದು, ಹೀಗೆ ಹಾವಿನಂತೆ ಹೊರಳುತ್ತಾ ಸಾಗುತ್ತದೆ.

ಲೀಗಿಗೆ ಹೊಸದಾಗಿ ಸೇರಿದ ಹಾಸನದ ಗೆಳೆಯರೊಬ್ಬರು ಕೇಳಿದರು: “ಸಾರ್, ಪಟ್ಟಿಯಲ್ಲಿ ಅತಿ ಹೆಚ್ಚು ಅಂಕ ತಂದವರೆಲ್ಲ ಕ್ವಾರ್ಟರ್‌ಬ್ಯಾಕ್‌ಗಳೇ. ಮತ್ತೆ ಮೊದಲ ಸುತ್ತಿನಲ್ಲಿ ಅವರನ್ನೇಕೆ ಯಾರೂ ಮುಟ್ಟುವುದಿಲ್ಲ?” ನಾನು ಐಪಿಎಲ್ ಉದಾಹರಣೆ ಕೊಟ್ಟೆ. ಹನ್ನೊಂದರ ಬಳಗಕ್ಕೆ ಬೇಕಾದ ವಿಕೆಟ್ ಕೀಪರ್ ಒಬ್ಬನೇ. ಮಾರುಕಟ್ಟೆಯಲ್ಲಿ ಒಳ್ಳೆಯ ಕೀಪರ್‌ಗಳು ಬೇಕಾದಷ್ಟಿದ್ದರೆ ಮೊದಲನೆಯವನಿಗಾಗಿ ಥೈಲಿ ಖಾಲಿ ಮಾಡುವ ಅಗತ್ಯವೇನು? ಎನ್‌ಎಫ್‌ಎಲ್‌ನಲ್ಲಿರುವುದು 32 ತಂಡ, ಹಾಗಾಗಿ ಪ್ರತಿ ವಾರ ಮೈದಾನಕ್ಕಿಳಿಯುವ ಕ್ವಾರ್ಟರ್‌ಬ್ಯಾಕ್‌ಗಳೂ ಸುಮಾರು ಅಷ್ಟೇ. ನಮ್ಮ ಲೀಗಿಗೆ ಬೇಕಾದವರು 12 ಜನ. ರನ್ನಿಂಗ್ ಬ್ಯಾಕ್‌ಗಳ ವಿಷಯ ಹಾಗಲ್ಲ. ತಂಡಕ್ಕೆ ಇಬ್ಬರು ಕಡ್ಡಾಯ, ಫ್ಲೆಕ್ಸ್ ಜಾಗಕ್ಕೆ (ಅಲ್ಲಿ ರನ್ನಿಂಗ್ ಬ್ಯಾಕನ್ನೋ ಪಾಸ್ ಹಿಡಿಯುವವನನ್ನೋ ಆಡಿಸಬಹುದು) ಇನ್ನೊಬ್ಬ. 24ರಿಂದ 36 ಜನ ಬೇಕು. ನಂಬಿಕೊಳ್ಳಬಹುದಾದವರು ಅಷ್ಟು ಇಲ್ಲವೇ ಇಲ್ಲ. ಬಾರ್ಕ್ಲಿ ಮತ್ತು ಡಾರ್ನಾಲ್ಡ್ ನಡುವಿನ ಅಂತರ ಇರುವುದು ಇಲ್ಲಿ. ಡಾರ್ನಾಲ್ಡ್ ಇಲ್ಲದಿದ್ದರೆ ಆ ಜಾಗಕ್ಕೆ ಇನ್ನೊಬ್ಬ ಸಿಗುತ್ತಾನೆ, ಬಾರ್ಕ್ಲಿ ಇಲ್ಲದಿದ್ದರೆ ಸಿಗುವುದಿಲ್ಲ.

ಆದ್ದರಿಂದ ನಾನು ಕ್ವಾರ್ಟರ್‌ಬ್ಯಾಕ್‌ನ ಒಟ್ಟು ಅಂಕವನ್ನು ನೋಡುವುದಕ್ಕಿಂತ ಆ ಅಂಕದಿಂದ 12ನೆಯ ಕ್ವಾರ್ಟರ್‌ಬ್ಯಾಕ್‌ನ ಅಂಕ ಕಳೆದು ಉಳಿಯುವುದನ್ನು ನೋಡುತ್ತೇನೆ. 2024ರಲ್ಲಿ ಆ ಗೆರೆಯ ಹತ್ತಿರ ನಿಂತವರು ಯಾರು ಗೊತ್ತೇ? ಎನ್‌ಎಫ್‌ಎಲ್‌ನ ಅತಿ ಹೆಸರಾಂತರಲ್ಲಿ ಒಬ್ಬರಾದ ಪ್ಯಾಟ್ರಿಕ್ ಮಹೋಮ್ಸ್, ಸುಮಾರು 282 ಅಂಕ. ಫುಟ್‌ಬಾಲ್ ಆಟಗಾರನಾಗಿ ಅವರ ತೂಕವೇ ಬೇರೆ, ಫ್ಯಾಂಟಸಿ ತಕ್ಕಡಿಯ ತೂಕವೇ ಬೇರೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಲಮಾರ್ ಜಾಕ್ಸನ್ ಅದೇ ವರ್ಷ 438 ತಂದರು. ವ್ಯತ್ಯಾಸ 156, ವಾರಕ್ಕೆ ಒಂಬತ್ತು ಅಂಕ. ಅದು ನಿಜಕ್ಕೂ ದೊಡ್ಡದು, ಮೂರನೆಯ ಸುತ್ತಿನ ಬೆಲೆಗೆ ತಕ್ಕದ್ದು. ಆದರೆ ಬೇಕರ್ ಮೇಫೀಲ್ಡ್ ತಂದದ್ದು 368. ಅವರು ನಮ್ಮಲ್ಲಿ ಹೋದದ್ದು ಬೆಂಚಿನ ಆಟಗಾರರನ್ನು ಆರಿಸುವ ಕೊನೆಯ ಸುತ್ತುಗಳಲ್ಲಿ. ಇನ್ನು ಡಾರ್ನಾಲ್ಡ್ ಪುಕ್ಕಟೆ. (ಇಲ್ಲಿ ಕೊಟ್ಟ ಅಂಕಗಳಲ್ಲಿ ಫಂಬಲ್ (ಚೆಂಡು ಕೈತಪ್ಪುವುದು) ದಂಡವನ್ನು ನಾನು ಸೇರಿಸಿಲ್ಲ. ಅದು ಅದೃಷ್ಟದ ಆಟ, ಮುಂದಾಗಿ ಊಹಿಸಲು ಹೋಗುವುದು ವ್ಯರ್ಥ.)

ಲೆಕ್ಕಕ್ಕೆ ಕೂರುವ ಮುನ್ನ ಮಾಡಲೇಬೇಕಾದ ಕೆಲಸ ಲೀಗಿನ ನಿಯಮ ಓದುವುದು. ಹಲವರು ಇದನ್ನು ಓದದೆಯೇ ಪತ್ರಿಕೆಯ ರ‍್ಯಾಂಕಿಂಗ್ ಹಿಡಿದುಕೊಂಡು ಬರುತ್ತಾರೆ. ಅವರ ಪಕ್ಕ ಕೂರುವುದು ನನಗೆ ಬಲು ಇಷ್ಟ. ನಮ್ಮಲ್ಲಿ ಎಸೆದ 25 ಯಾರ್ಡ್‌ಗೆ ಒಂದು ಅಂಕ, ಪಾಸ್ ಟಚ್‌ಡೌನ್‌ಗೆ 4, ಇಂಟರ್‌ಸೆಪ್ಷನ್‌ಗೆ ಮೈನಸ್ 2. ಓಟದ 10 ಯಾರ್ಡ್‌ಗೆ ಒಂದು ಅಂಕ, ಓಡಿ ಗಳಿಸಿದ ಟಚ್‌ಡೌನ್‌ಗೆ 6. ಕೆಲವು ಲೀಗುಗಳಲ್ಲಿ ಪಾಸ್ ಟಚ್‌ಡೌನ್‌ಗೂ 6 ಅಂಕವಿರುತ್ತದೆ. ಆ ಒಂದು ಸಾಲು ಬದಲಾದರೆ ಜೋ ಬರೋ ತರಹದ ಎಸೆಯುವವರು ಮೇಲೇರುತ್ತಾರೆ, ಜೇಲನ್ ಹರ್ಟ್ಸ್ ತರಹದ ಓಡುವವರು ತುಸು ಕೆಳಗಿಳಿಯುತ್ತಾರೆ.

ನಮ್ಮಂಥ ನಾಲ್ಕು ಅಂಕದ ಲೀಗಿನಲ್ಲಿ ಕಾಲಿಗೆ ಇರುವ ಬೆಲೆ ಎಷ್ಟೆಂದು ತೋರಿಸಲು ನಾನು ಯಾವಾಗಲೂ ಎರಡು ಋತುಗಳನ್ನು ಅಕ್ಕಪಕ್ಕ ಇಡುತ್ತೇನೆ. 2013ರಲ್ಲಿ ಡೆನ್ವರ್‌ನ ಪೇಟನ್ ಮ್ಯಾನಿಂಗ್ 5,477 ಯಾರ್ಡ್ ಎಸೆದು 55 ಟಚ್‌ಡೌನ್ ಪಾಸ್ ಕೊಟ್ಟರು. ಎರಡೂ ಲೀಗ್ ದಾಖಲೆ. ನಮ್ಮ ನಿಯಮದಲ್ಲಿ ಅದಕ್ಕೆ 16 ಪಂದ್ಯಗಳಿಂದ 422 ಅಂಕ. 2019ರಲ್ಲಿ ಬಾಲ್ಟಿಮೋರ್‌ನ ಲಮಾರ್ ಜಾಕ್ಸನ್ ಎಸೆದದ್ದು ಬರೀ 3,127 ಯಾರ್ಡ್, ಟಚ್‌ಡೌನ್ ಪಾಸ್ 36. ಆದರೆ 1,206 ಯಾರ್ಡ್ ಓಡಿದರು, ಓಡಿಯೇ 7 ಟಚ್‌ಡೌನ್ ಗಳಿಸಿದರು. ಒಟ್ಟು 420 ಅಂಕ, ಅದೂ 15 ಪಂದ್ಯಗಳಲ್ಲಿ. ಎಸೆತದಲ್ಲಿ 2,350 ಯಾರ್ಡ್ ಹಿಂದೆ ಬಿದ್ದವರು ಪಂದ್ಯಕ್ಕೆ ಇಷ್ಟೆಂದು ಭಾಗಿಸಿದರೆ ಮ್ಯಾನಿಂಗ್ ಅವರಿಗಿಂತ ಮುಂದಿದ್ದಾರೆ. ಅಂಕಗಳಲ್ಲಿ 162ಕ್ಕೂ ಹೆಚ್ಚು ಕಾಲಿನದ್ದೇ.

ಹಾಗೆಂದು ಓಡುವವರೆಲ್ಲ ಒಂದೇ ಅಲ್ಲ. ತನ್ನನ್ನು ಕಾಯುವ ಸಾಲು ಕುಸಿದಾಗ ಜೀವ ಉಳಿಸಿಕೊಳ್ಳಲು ಓಡುವವನೊಬ್ಬ, ಅವನಿಗೆಂದೇ ತರಬೇತುದಾರ ಓಟ ಬರೆದಿಟ್ಟಿರುವವನೊಬ್ಬ. ನನಗೆ ಎರಡನೆಯವನು ಬೇಕು, ಅದರಲ್ಲೂ ಗೋಲ್ ಗೆರೆಯ ಹತ್ತಿರ ಚೆಂಡು ಅವನ ಕೈಯಲ್ಲೇ ಉಳಿಯಬೇಕು. ಹರ್ಟ್ಸ್ 2022ರಿಂದ 2024ರವರೆಗೆ ಓಡಿ ಗಳಿಸಿದ ಟಚ್‌ಡೌನ್‌ಗಳು 13, 15, 14. ಮೂರು ವರ್ಷ ಒಂದೇ ಸಮ. ಅವುಗಳಲ್ಲಿ ದೊಡ್ಡ ಪಾಲು ಹಿಂದಿನಿಂದ ಇಬ್ಬರು ಒತ್ತಿ ತಳ್ಳುವ ‘ಟಶ್ ಪುಶ್’ ಆಟದ್ದು. ಅದನ್ನು ನಿಷೇಧಿಸಬೇಕೆಂಬ ಪ್ರಸ್ತಾವಕ್ಕೆ 2025ರ ಮೇ ತಿಂಗಳಲ್ಲಿ ತಂಡಗಳ ಮಾಲೀಕರಲ್ಲಿ 22 ಜನ ಒಪ್ಪಿದರು, 10 ಜನ ಒಪ್ಪಲಿಲ್ಲ. ಬೇಕಿದ್ದದ್ದು 24 ಮತ. ಆ ಎರಡು ಮತ ಬಿದ್ದಿದ್ದರೆ ನನ್ನ ಪಟ್ಟಿಯಲ್ಲಿ ಹರ್ಟ್ಸ್ ಒಂದು ಸುತ್ತಾದರೂ ಕೆಳಗೆ ಜಾರುತ್ತಿದ್ದರು. ಇಂಥ ಸುದ್ದಿಯನ್ನು ಕ್ರೀಡಾಪುಟದ ಮೂಲೆಯಲ್ಲಿ ಓದಿ ಮರೆಯುವವರೇ ಹೆಚ್ಚು. ನಾನು ಸ್ಪ್ರೆಡ್‌ಶೀಟ್ ತೆರೆದು ಅದನ್ನು ಪಕ್ಕದ ಕಾಲಂನಲ್ಲಿ ಬರೆದಿಡುತ್ತೇನೆ.

ಕಾಲೊಂದನ್ನೇ ನಂಬುವವರಿಗೆ ಆಂಟನಿ ರಿಚರ್ಡ್‌ಸನ್ ಉದಾಹರಣೆ ಸಾಕು. 2024ರ ಡ್ರಾಫ್ಟ್‌ಗಳಲ್ಲಿ ಅವರ ಓಟಕ್ಕೆ ಮರುಳಾಗಿ ಬಹಳ ಬೇಗ ಆರಿಸಿದವರಿದ್ದರು. ಅವರ ಎಸೆತಗಳಲ್ಲಿ ಅರ್ಧಕ್ಕಿಂತ ಕಡಿಮೆ ಗುರಿ ಮುಟ್ಟಿದವು. ಟಚ್‌ಡೌನ್ ಪಾಸ್ 8, ಇಂಟರ್‌ಸೆಪ್ಷನ್ 12. ಋತುವಿನ ಮಧ್ಯದಲ್ಲಿ ಇಂಡಿಯಾನಾಪೊಲಿಸ್ ಅವರನ್ನು ಕೂರಿಸಿ ಜೋ ಫ್ಲಾಕೊ ಅವರನ್ನು ಇಳಿಸಿತು. ಬೆಂಚಿನ ಮೇಲೆ ಕುಳಿತ ಕಾಲು ಅಂಕ ತರುವುದಿಲ್ಲ.

ಎಸೆತದ ಭಾಗಕ್ಕೆ ಬಂದರೆ, ನಾನು ಹೆಚ್ಚು ಹೊತ್ತು ಕಳೆಯುವುದು ಟಚ್‌ಡೌನ್ ಪ್ರಮಾಣದ ಮೇಲೆ: ನೂರು ಎಸೆತಕ್ಕೆ ಎಷ್ಟು ಟಚ್‌ಡೌನ್. ಲೀಗಿನ ಸರಾಸರಿ ನಾಲ್ಕೂವರೆಯ ಆಸುಪಾಸು. ಮಹೋಮ್ಸ್ 2018ರಲ್ಲಿ 580 ಎಸೆತಕ್ಕೆ 50 ಟಚ್‌ಡೌನ್ ಕೊಟ್ಟರು, ಅಂದರೆ ಶೇ 8.6. ಮರುವರ್ಷ 484 ಎಸೆತಕ್ಕೆ 26, ಶೇ 5.4. ಗಾಯದಿಂದ ಎರಡು ಪಂದ್ಯ ತಪ್ಪಿದ್ದು ಎಸೆತಗಳ ಸಂಖ್ಯೆ ಇಳಿದದ್ದಕ್ಕೆ ಕಾರಣ ಸರಿ, ಪ್ರಮಾಣ ಇಳಿದದ್ದಕ್ಕಲ್ಲ. ಜಾಕ್ಸನ್ 2019ರಲ್ಲಿ ಶೇ 9, 2020ರಲ್ಲಿ ಶೇ 6.9. ಆಕಾಶ ಮುಟ್ಟಿದ ವರ್ಷದ ಮರುವರ್ಷ ಬೆಲೆ ಆಕಾಶದಲ್ಲೇ ಇರುತ್ತದೆ, ಪ್ರಮಾಣ ಮಾತ್ರ ನೆಲದ ಕಡೆಗೆ ಬರುತ್ತದೆ. ಹಾಗಾಗಿ ಪ್ರತಿಯೊಬ್ಬರ ಪ್ರಮಾಣವನ್ನೂ ಅವರ ಸ್ವಂತ ಸರಾಸರಿಗೂ ಲೀಗಿನ ಸರಾಸರಿಗೂ ನಡುವಿನ ಒಂದು ಜಾಗಕ್ಕೆ ಎಳೆದು, ಆಮೇಲೆ ಗುಣಾಕಾರ ಮಾಡುತ್ತೇನೆ. ಇಂಟರ್‌ಸೆಪ್ಷನ್‌ಗಳ ಬಗ್ಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಹೊಸಬರಿಗೂ ಹಳಬರಿಗೂ ಹತ್ತು ಎಂದು ಬರೆದು ಮುಂದೆ ಹೋಗುತ್ತೇನೆ.

ಹೀಗೆ ಲೆಕ್ಕ ಹಾಕಿದಾಗ 2024ರ ಬೇಸಿಗೆಯಲ್ಲಿ ನನ್ನ ಕಣ್ಣಿಗೆ ಬಿದ್ದವರು ವಾಷಿಂಗ್ಟನ್‌ನ ಹೊಸಬ ಜೇಡನ್ ಡೇನಿಯಲ್ಸ್. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯದ ಕೊನೆಯ ವರ್ಷ 40 ಟಚ್‌ಡೌನ್ ಪಾಸ್, 1,134 ಯಾರ್ಡ್ ಓಟ, ಕಾಲೇಜು ಫುಟ್‌ಬಾಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ. ನಿಜ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಎರಡನೆಯ ಆಯ್ಕೆ. ಹೊಸಬರೆಂದು ಕೈ ಬಿಗಿಹಿಡಿದೇ ಬರೆದೆ: ಎಸೆತ 3,400 ಯಾರ್ಡ್, ಟಚ್‌ಡೌನ್ ಪಾಸ್ 18, ಇಂಟರ್‌ಸೆಪ್ಷನ್ 10, ಓಟ 700 ಯಾರ್ಡ್, ಓಡಿ ಗಳಿಸುವ ಟಚ್‌ಡೌನ್ 5. ಕೂಡಿ ಕಳೆದರೆ 288. ಓಡದೆ ನಿಂತಲ್ಲೇ ಎಸೆಯುವವನು ಈ 288 ಮುಟ್ಟಬೇಕಾದರೆ 4,400 ಯಾರ್ಡ್ ಮತ್ತು 33 ಟಚ್‌ಡೌನ್ ಬೇಕು, ಇಂಟರ್‌ಸೆಪ್ಷನ್ ಹತ್ತೇ ಇರಬೇಕು. ಅದು ಎಂಥವನಿಗೂ ಬಹಳ ಒಳ್ಳೆಯ ವರ್ಷ. ಡೇನಿಯಲ್ಸ್‌ಗೆ ಎಸೆತದಲ್ಲಿ ಸಾಧಾರಣ ವರ್ಷ ಬಂದರೂ ಸಾಕಾಗುತ್ತಿತ್ತು. ನಾನು ಕೊಂಡದ್ದು ಈ ಕೆಳಮಿತಿಯನ್ನು. ಮೇಲಕ್ಕೆ ಎಷ್ಟು ಹೋಗುತ್ತಾರೆಂಬುದು ಅವರಿಗೆ ಬಿಟ್ಟದ್ದು.

ಡ್ರಾಫ್ಟ್ ರಾತ್ರಿ ನನ್ನದು 10ನೆಯ ಸ್ಥಾನ. ಈ ಸ್ಥಾನದವರಿಗೆ ಸರದಿ ಹೊರಳುವ ಕಡೆ ಒಂದು ಅನುಕೂಲವಿದೆ, ಅದನ್ನು ಬಳಸಿಕೊಳ್ಳುವವರು ಕಡಿಮೆ. ಏಳನೆಯ ಸುತ್ತಿನಲ್ಲಿ ನನ್ನ ಆಯ್ಕೆ ಒಟ್ಟಾರೆ 82ನೆಯದು, ಎಂಟನೆಯ ಸುತ್ತಿನಲ್ಲಿ 87ನೆಯದು. ನಡುವಿನ ನಾಲ್ಕು ಆಯ್ಕೆಗಳೂ ಇಬ್ಬರದೇ: 11ನೆಯವರು, 12ನೆಯವರು, ಮತ್ತೆ 12ನೆಯವರು, ಮತ್ತೆ 11ನೆಯವರು. ಅವರ ತಂಡಗಳನ್ನು ತೆರೆದು ನೋಡಿದೆ. ಒಬ್ಬರ ಬಳಿ ಬರೋ, ಇನ್ನೊಬ್ಬರ ಬಳಿ ಹರ್ಟ್ಸ್. ಒಬ್ಬನನ್ನೇ ಆಡಿಸುವ ಲೀಗಿನಲ್ಲಿ ಅಷ್ಟು ಬೇಗ ಎರಡನೆಯ ಕ್ವಾರ್ಟರ್‌ಬ್ಯಾಕ್‌ಗೆ ಕೈ ಹಾಕುವವರು ಅಪರೂಪ. ಆದ್ದರಿಂದ 82ರಲ್ಲಿ ಪಾಸ್ ಹಿಡಿಯುವ ವೈಡ್ ರಿಸೀವರ್ ಒಬ್ಬರನ್ನು ತೆಗೆದುಕೊಂಡೆ. ನಾಲ್ಕು ಹೆಸರು ಕರೆದು ಮುಗಿಯಿತು. 87ರಲ್ಲಿ ಡೇನಿಯಲ್ಸ್ ಇನ್ನೂ ಅಲ್ಲೇ ಇದ್ದರು. ಬರಿಯ ಹೆಸರುಗಳ ಪಟ್ಟಿ ನೋಡುತ್ತಾ ಕೂತವರಿಗೆ ಈ ಲಾಭ ಸಿಗುವುದಿಲ್ಲ, ಎದುರಾಳಿಗಳ ತಂಡವನ್ನೂ ನೋಡಬೇಕು.

ಆ ವರ್ಷ ಅವರು 3,568 ಯಾರ್ಡ್ ಎಸೆದು 25 ಟಚ್‌ಡೌನ್ ಪಾಸ್ ಕೊಟ್ಟರು, 891 ಯಾರ್ಡ್ ಓಡಿ 6 ಟಚ್‌ಡೌನ್ ಗಳಿಸಿದರು. ಸುಮಾರು 350 ಅಂಕ. ಅದರಲ್ಲಿ ಅಕ್ಟೋಬರ್ 27ರಂದು ಶಿಕಾಗೊ ವಿರುದ್ಧ ಕೊನೆಯ ಕ್ಷಣದಲ್ಲಿ ಎಸೆದ 52 ಯಾರ್ಡ್‌ಗಳ ‘ಹೈಲ್ ಮೇರಿ’ಯೂ ಸೇರಿದೆ. ಚೆಂಡು ಗುಂಪಿನ ಕೈಗಳಿಗೆ ತಗುಲಿ ಚಿಮ್ಮಿ, ಹಿಂದೆ ಒಂಟಿಯಾಗಿ ನಿಂತಿದ್ದ ನೋವಾ ಬ್ರೌನ್ ಮಡಿಲಿಗೆ ಬಿತ್ತು. ವಾಷಿಂಗ್ಟನ್‌ಗೆ ಗೆಲುವು, ನನಗೆ ಆರು ಅಂಕ. ಕುರ್ಚಿಯಿಂದೆದ್ದು ಕೂಗಿದ್ದೇನೋ ನಿಜ. ಆದರೆ ಮುಂದಿನ ವರ್ಷದ ಲೆಕ್ಕಕ್ಕೆ ಕೂತಾಗ ಆ ಆರು ಅಂಕವನ್ನು ಹೊಡೆದುಹಾಕಿದೆ. ಅಂಥದ್ದು ಎರಡನೆಯ ಸಲ ಬರುತ್ತದೆಂದು ಯಾರೂ ದುಡ್ಡು ಕಟ್ಟಬಾರದು.

ಇದೆಲ್ಲ ಒಬ್ಬ ಕ್ವಾರ್ಟರ್‌ಬ್ಯಾಕ್ ಆಡಿಸುವ ಲೀಗಿನ ಮಾತು. ಗೆಳೆಯರ ಇನ್ನೊಂದು ಲೀಗು ಸೂಪರ್‌ಫ್ಲೆಕ್ಸ್. ಅಲ್ಲಿ ಇಬ್ಬರನ್ನು ಆಡಿಸಬಹುದು, ಎಲ್ಲರೂ ಆಡಿಸುತ್ತಾರೆ. ಆಗ ಬೇಕಾದವರು 24. ಬೈ ವಾರಗಳಲ್ಲಿ ಕೆಲವು ತಂಡಗಳಿಗೆ ಆಟವೇ ಇಲ್ಲ, ಮೇಲೆ ಗಾಯಾಳುಗಳು ಬೇರೆ. ಕಳೆಯಬೇಕಾದ ಗೆರೆ 12ನೆಯವನಿಂದ 24ನೆಯವನಿಗೆ ಜಾರುತ್ತದೆ, ಅವನ ಅಂಕ ಎಷ್ಟೋ ಕಡಿಮೆ. ಹಾಗಾಗಿ ಮೇಲಿನವರೆಲ್ಲರ ಬೆಲೆ ಒಮ್ಮೆಗೇ ಏರುತ್ತದೆ. ಕಚೇರಿಯ ಲೀಗಿನಲ್ಲಿ ಎಂಟನೆಯ ಸುತ್ತಿನವರೆಗೆ ಕಾಯುವ ನಾನು ಅಲ್ಲಿ ಮೊದಲ ಸುತ್ತಿನಲ್ಲೇ ಒಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಳ್ಳುತ್ತೇನೆ, ನಾಲ್ಕರೊಳಗೆ ಇನ್ನೊಬ್ಬನನ್ನು.

ಕಚೇರಿಯ ಲೀಗಿನಲ್ಲಿ ಎರಡನೆಯ ಕ್ವಾರ್ಟರ್‌ಬ್ಯಾಕ್‌ನನ್ನು ನಾನು ಡ್ರಾಫ್ಟ್ ದಿನ ಆರಿಸುವುದೇ ಇಲ್ಲ. ಬೆಂಚಿನ ಆ ಜಾಗ, ಮುಖ್ಯ ಆಟಗಾರ ಗಾಯಗೊಂಡರೆ ಇಳಿಯಲು ಕಾದಿರುವ ರನ್ನಿಂಗ್ ಬ್ಯಾಕ್ ಒಬ್ಬನಿಗೆ ಹೆಚ್ಚು ಉಪಯುಕ್ತ. ನನ್ನವನ ಬೈ ವಾರಕ್ಕೆ ಎರಡು ವಾರ ಮೊದಲು, ಉಳಿದವರು ಎಚ್ಚೆತ್ತುಕೊಳ್ಳುವ ಮುನ್ನ, ಆ ವಾರ ದುರ್ಬಲ ರಕ್ಷಣೆಯ ವಿರುದ್ಧ ತವರಿನಲ್ಲಿ ಆಡುವ ಒಬ್ಬನನ್ನು, ಯಾರೂ ಆರಿಸದೆ ಉಳಿದವರ ಪುಕ್ಕಟೆ ಪಟ್ಟಿಯಿಂದ ಎತ್ತಿಕೊಳ್ಳುತ್ತೇನೆ. ಮಂಗಳವಾರ ಬೆಳಿಗ್ಗೆ ಅವನನ್ನು ಕೈಬಿಡುತ್ತೇನೆ.