ಗಾಳದ ಹಿಟ್ಟು ಕಲಸುವ ಮುಂಚೆ ಕೈ ತೊಳೆಯಿರಿ

ಬೆಳಗ್ಗೆಯಿಂದ ಕೆರೆ ದಡದಲ್ಲಿ ಕೂತು, ಬೆಂಡು ಒಮ್ಮೆಯೂ ಅಲುಗದೆ ಬರಿಗೈಲಿ ಮನೆಗೆ ಹೋಗುವವರನ್ನು ತುಂಬ ನೋಡಿದ್ದೇನೆ. ಗಾಳ ಚೆನ್ನಾಗಿಯೇ ಇರುತ್ತದೆ. ಎಡವುವುದು ಹಿಟ್ಟಿನಲ್ಲಿ.

ಮುಂದಿನ ಸಲ ಗೆಂಡೆ ಸಿಕ್ಕಾಗ ಅದರ ಮೂತಿ ನೋಡಿ. ಕಣ್ಣಿನ ಮುಂದೆ ಎರಡೂ ಕಡೆ ಪುಟ್ಟ ಹೊಳ್ಳೆ, ಪ್ರತಿ ಹೊಳ್ಳೆಯನ್ನೂ ಹಿಂದೆ ಮುಂದೆ ಎರಡು ತೂತಾಗಿಸುವ ತೆಳು ಚರ್ಮದ ಪೊರೆ. ಮುಂದಿನ ತೂತಿನಿಂದ ನೀರು ಒಳಗೆ ಹೋಗಿ ಹಿಂದಿನದರಿಂದ ಹೊರಬರುತ್ತದೆ. ಉಸಿರಾಟ ಕಿವಿರಿನ ಕೆಲಸ, ಈ ಮೂಗು ಇರುವುದು ವಾಸನೆಗೆ ಮಾತ್ರ. ಅದಕ್ಕೆ ಸಿಗುವುದು ನೀರಲ್ಲಿ ಕರಗಿದ ವಾಸನೆ.

ಹಾಗಾಗಿ ಮೊದಲು ಕೈ. ಬೈಕಿಗೆ ಪೆಟ್ರೋಲ್ ಹಾಕಿಸಿ, ಬೀಡಿ ಸೇದಿ, ಸೊಳ್ಳೆ ಮುಲಾಮು ಹಚ್ಚಿ ಅದೇ ಕೈಯಲ್ಲಿ ಹಿಟ್ಟು ಕಲಸಬೇಡಿ. ಘಮಘಮ ಸೋಪೂ ಬೇಡ. ಕೆರೆ ಮಣ್ಣಿನಲ್ಲಿ ಉಜ್ಜಿ ತೊಳೆಯಿರಿ. ನಮ್ಮ ಚರ್ಮದಲ್ಲಿರುವ ಸೆರೀನ್ ಎಂಬ ಅಮೈನೋ ಆಮ್ಲಕ್ಕೇ ಸಾಲ್ಮನ್ ಮೀನುಗಳು ಬೆದರುತ್ತವೆ ಅಂತ ಕೆನಡಾದವರು 1950ರ ದಶಕದಲ್ಲೇ ಕಂಡುಕೊಂಡಿದ್ದರು.

ಎರಡು ಪಾಲು ತೌಡು, ಒಂದು ಪಾಲು ನೆನೆಸಿದ ಕಡಲೆಕಾಯಿ ಹಿಂಡಿ, ಅಂಟಿಗೆ ಸ್ವಲ್ಪ ಮೈದಾ. ಸಾಕಿದ ಕಟ್ಲಾ, ರೋಹು ತಿಂದು ಬೆಳೆದಿರುವುದೂ ತೌಡು, ಹಿಂಡಿಯನ್ನೇ ಅಲ್ವಾ?

ಕಷ್ಟ ಇರುವುದು ಹದದಲ್ಲಿ. ಮೈದಾ ಜಾಸ್ತಿಯಾದರೆ ಉಂಡೆ ಕಲ್ಲಾಗುತ್ತದೆ, ವಾಸನೆ ಒಳಗೇ ಉಳಿಯುತ್ತದೆ. ಕಡಿಮೆಯಾದರೆ ಎಸೆಯುವಾಗಲೇ ಉದುರುತ್ತದೆ. ಹುಣಸೆ ಬೀಜದಷ್ಟು ಉಂಡೆ ಮಾಡಿ ಒಂದು ಲೋಟ ನೀರಿಗೆ ಹಾಕಿ, ಸುಮ್ನೆ ನೋಡುತ್ತಾ ಕೂರಿ. ಎರಡು ಮೂರು ನಿಮಿಷದಲ್ಲಿ ಅಂಚಿನಿಂದ ಹೊಗೆಯಂತೆ ಬಿಳಿ ಎಳೆ ಏಳಬೇಕು, ಆದರೆ ಹತ್ತು ನಿಮಿಷವಾದರೂ ನಡುವಿನ ಗಟ್ಟಿ ಹಾಗೇ ಇರಬೇಕು. ಇದು ಸಿಗುವವರೆಗೆ ಚಿಟಿಕೆ ಚಿಟಿಕೆಯಾಗಿ ತೌಡೋ ಮೈದಾನೋ ಸೇರಿಸಿ ನಾದಿ. ಕೆಲವರು ಎಣ್ಣೆ ಸುರಿಯುತ್ತಾರೆ. ಅದು ನೀರಲ್ಲಿ ಕರಗಲ್ಲ, ಮೇಲೆ ತೇಲಿ ಹೋಗುತ್ತದೆ. ಅಂಗಡಿಯಲ್ಲಿ ಸಿಗುವ ಕೆಂಪು ಬಣ್ಣದ ಎಸೆನ್ಸ್ ಹಿಟ್ಟು ನಾನಂತೂ ಮುಟ್ಟಲ್ಲ, ಅದರ ಪರಿಮಳ ಹಿಡಿಸುವುದು ನಮ್ಮ ಮೂಗಿಗೆ.

ಗುತ್ತಿಗೆ ಕೆರೆಯಾದರೆ ಕೇಳಿಕೊಂಡೇ ಕೂರಿ. ಗಾಳದ ಮುಳ್ಳಿನ ಮೊನೆ ಮುಚ್ಚುವಂತೆ ಹಿಟ್ಟು ಹಚ್ಚಿ, ಎಸೆಯಿರಿ.

ಮೀನು ಬಿತ್ತಾ? ಅಲ್ಲೇ ನೀರಿಗೆ ಅದ್ದಿ ತೊಳೆಯಬೇಡಿ. ಗಾಯವಾದ ಚರ್ಮದಿಂದ ಹೊರಬರುವ ಒಂದು ವಸ್ತುವಿನ ವಾಸನೆಗೆ ಅದೇ ಜಾತಿಯ ಉಳಿದ ಮೀನುಗಳು ಬೆದರಿ ಓಡುತ್ತವೆ. ಪುಟ್ಟ ಮಿನ್ನೋ ಮೀನುಗಳಲ್ಲಿ ಇದನ್ನು 1938ರಲ್ಲಿ ವಿವರಿಸಿದವರು ಪ್ರಾಣಿವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್. ಆ ಮಿನ್ನೋ ನಮ್ಮ ಗೆಂಡೆಯ ಬಳಗದ್ದೇ. ಬಕೆಟ್ ಇಟ್ಟುಕೊಳ್ಳಿ, ತೊಳೆದ ನೀರನ್ನು ದಡದಾಚೆ ಗಿಡಕ್ಕೆ ಚೆಲ್ಲಿ.