ವಾಲ್ವ್ ಸಾಕೆಟ್: ಮೊದಲು ದಿಕ್ಕು, ಆಮೇಲೆ ತೂತು

ವಾಲ್ವ್ (ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಎಲೆಕ್ಟ್ರಾನಿಕ್ ನಳಿಕೆ) ಆಂಪ್ಲಿಫೈಯರ್ ಕಟ್ಟುವವರು ಟ್ರಾನ್ಸ್‌ಫಾರ್ಮರ್ ಬಗ್ಗೆ, ಕೆಪಾಸಿಟರ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ವಾಲ್ವ್ ಸಿಕ್ಕಿಸುವ ಸಾಕೆಟ್ ವಿಷಯಕ್ಕೆ ಬಂದರೆ ‘ಯಾವುದಾದ್ರೂ ನಡೆಯುತ್ತೆ’ ಅಂದುಬಿಡುತ್ತಾರೆ. ನಾನಂತೂ ಒಪ್ಪುವುದಿಲ್ಲ. ಎಲ್ಲ ತಂತಿಗಳೂ ಕೊನೆಗೆ ಬಂದು ಸೇರುವುದು ಅಲ್ಲಿಗೇ ಅಲ್ವಾ? ಸಾಕೆಟ್ ಯಾವ ಕಡೆ ಮುಖ ಮಾಡಿ ಕೂತಿದೆ ಅನ್ನುವುದರ ಮೇಲೆ ಒಳಗಿನ ವೈರಿಂಗ್ ಎಲ್ಲ ನಿಂತಿರುತ್ತದೆ.

ನಾನು ಕಟ್ಟಿದ್ದು ಒಂದು ಚಿಕ್ಕ ಸ್ಟೀರಿಯೊ. ಮುಂದೆ, ಸಿಗ್ನಲ್ ಮೊದಲು ಬರುವ ಕಡೆ, ಒಂದೇ ಇಸಿಸಿ83 ವಾಲ್ವ್. ಅದರೊಳಗೆ ಎರಡು ಟ್ರಯೋಡ್ (ಸಿಗ್ನಲ್ ಹಿಗ್ಗಿಸುವ ಬೇರೆಬೇರೆ ಘಟಕ) ಇರುವುದರಿಂದ ಎರಡೂ ಚಾನೆಲ್‌ಗೆ ಅದೇ ಸಾಕು. ಹಿಂದೆ, ಸ್ಪೀಕರ್ ಓಡಿಸಲು, ಚಾನೆಲ್‌ಗೆ ಒಂದರಂತೆ ಇಎಲ್34 ಪವರ್ ವಾಲ್ವ್. ಅಂದರೆ ಒಂಬತ್ತು ಪಿನ್ನಿನ ನೋವಲ್ ಸಾಕೆಟ್ ಒಂದು, ಎಂಟು ಪಿನ್ನಿನ ಆಕ್ಟಲ್ ಎರಡು.

ಇಎಲ್34ಗೆ ಸೆರಾಮಿಕ್ ಸಾಕೆಟ್ಟೇ ಬೇಕು ಅಂತ ಹಟ ಹಿಡಿದೆ. ಕಾರಣ ಇದೆ. ಅದರ ಪ್ಲೇಟ್ (ಸಿಗ್ನಲ್ ಹೊರಬರುವ ತುದಿ) 3ನೇ ಪಿನ್, ಹೀಟರ್‌ನ (ವಾಲ್ವ್ ಒಳಗೆ ಕಾಯುವ ತಂತಿ) ಒಂದು ತುದಿ ಪಕ್ಕದ 2ನೇ ಪಿನ್. ಒಂದರಲ್ಲಿ ನೂರಾರು ವೋಲ್ಟ್, ಇನ್ನೊಂದು ಹೆಚ್ಚುಕಡಿಮೆ ಅರ್ತ್ ಮಟ್ಟದಲ್ಲಿ. ನಡುವೆ ಒಮ್ಮೆ ಕಿಡಿ ಹಾರಿದರೆ ಬೇಕಲೈಟ್ (ಹಳೆಯ ಬಗೆಯ ಗಟ್ಟಿ ಪ್ಲಾಸ್ಟಿಕ್) ಸುಟ್ಟು ಕರಿಗೆರೆ ಬೀಳುತ್ತದೆ. ಆ ಮಸಿ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಆಮೇಲೆ ಎಷ್ಟು ಒರೆಸಿದರೂ ಆ ಸಾಕೆಟ್ಟನ್ನು ನಂಬುವ ಹಾಗಿಲ್ಲ. ಸೆರಾಮಿಕ್ ಹೀಗೆ ಸುಟ್ಟು ಮಸಿಯಾಗುವುದಿಲ್ಲ. ಇಸಿಸಿ83ಗೆ ಒಳ್ಳೆಯ ಬೇಕಲೈಟ್ ಆದರೂ ಸಾಕು. ಅಲ್ಲಿ ನಾನು ನೋಡಿದ್ದು ಲೋಹದ ಮುಚ್ಚಳ ಹಾಕಲು ಬರುತ್ತದಾ ಅನ್ನುವುದನ್ನು. ಮೊದಲ ಹಂತದ ವಾಲ್ವ್ ಸುತ್ತಲಿನ ಗುಂಯ್ ಸದ್ದನ್ನೆಲ್ಲ ಬೇಗ ಹಿಡಿಯುತ್ತದೆ.

ಚಿನ್ನದ ಲೇಪಕ್ಕೆ ಜಾಸ್ತಿ ದುಡ್ಡು ಕೊಡುವುದಕ್ಕಿಂತ ಪಿನ್ನಿನ ಹಿಡಿತ ನೋಡುವುದು ಮೇಲು. ವಾಲ್ವ್ ಹಾಕಿ ನಿಧಾನವಾಗಿ ಎಳೆಯಿರಿ. ಎಲ್ಲ ಕಡೆ ಒಂದೇ ಸಮ ಬಿಗಿ ಇರಬೇಕು. ಕೆಳಗಿನ ಲೋಹದ ಕಿವಿಗಳು (ತಂತಿ ಬೆಸೆಯುವ ತುದಿಗಳು) ಬೆರಳಲ್ಲಿ ಮುಟ್ಟಿದರೆ ಸ್ವಲ್ಪ ಅಲುಗಾಡಬೇಕು. ಅಲುಗಾಡಿದರೆ ಸಾಕೆಟ್ ಸಡಿಲ ಅಂತ ಅರ್ಥವಲ್ಲ. ವಾಲ್ವ್‌ನ ಪಿನ್ ಕೊಂಚ ಓರೆಯಿದ್ದರೂ ಹೊಂದಿಕೊಳ್ಳಲಿ ಅಂತಲೇ ಹಾಗೆ ಮಾಡಿರುತ್ತಾರೆ.

ಇನ್ನು ದಿಕ್ಕಿನ ವಿಷಯ. ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಇದರಲ್ಲೇ. ಚಾಸಿಸ್ (ಎಲ್ಲವನ್ನೂ ಕೂರಿಸುವ ಲೋಹದ ಪೆಟ್ಟಿಗೆ) ಅಳತೆಯ ಕಾಗದದ ಮೇಲೆ ಮೂರೂ ಸಾಕೆಟ್‌ಗಳನ್ನು ತಲೆಕೆಳಗಾಗಿ ಇಟ್ಟೆ. ಕೆಳಗಿನಿಂದ ನೋಡಿದಾಗ ಪಿನ್ನುಗಳನ್ನು ಗಡಿಯಾರದ ಮುಳ್ಳು ತಿರುಗುವ ಕಡೆಗೇ ಎಣಿಸಬೇಕು. ಆಕ್ಟಲ್‌ನಲ್ಲಿ ನಡುವಿನ ತೂತಿನ ಕಚ್ಚಿನಿಂದ, ನೋವಲ್‌ನಲ್ಲಿ ಪಿನ್ನುಗಳ ನಡುವೆ ಅಗಲವಾಗಿ ಬಿಟ್ಟ ಜಾಗದಿಂದ ಎಣಿಕೆ ಶುರು. ಪ್ರತಿ ಪಿನ್ನಿನ ಪಕ್ಕ ಪೆನ್ಸಿಲ್‌ನಲ್ಲಿ ಗ್ರಿಡ್ (ಸಿಗ್ನಲ್ ಒಳಬರುವ ತುದಿ), ಪ್ಲೇಟ್, ಹೀಟರ್ ಅಂತ ಬರೆದೆ. ಆಮೇಲೆ ಸುಮ್ನೆ ತಿರುಗಿಸುತ್ತಾ ಹೋದೆ.

ಇಎಲ್34ರ ಗ್ರಿಡ್ 5ನೇ ಪಿನ್. ಅದು ಇಸಿಸಿ83 ಕಡೆಗೆ ಬರುವಂತೆ ತಿರುಗಿಸಿದರೆ ಪ್ಲೇಟ್ ಪಕ್ಕಕ್ಕೆ ಹೋಗುತ್ತದೆ. ಅದರ ತಂತಿ ಗ್ರಿಡ್ ತಂತಿಯನ್ನು ದಾಟದೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸೇರುತ್ತದೆ. 1 (ಸಪ್ರೆಸರ್ ಗ್ರಿಡ್, ಪ್ಲೇಟ್ ಪಕ್ಕದ ಇನ್ನೊಂದು ಗ್ರಿಡ್) ಮತ್ತು 8 (ಕ್ಯಾಥೋಡ್, ಎಲೆಕ್ಟ್ರಾನ್ ಹೊರಡುವ ತುದಿ) ಅಕ್ಕಪಕ್ಕದಲ್ಲೇ ಇವೆ. ಸಪ್ರೆಸರ್ ಗ್ರಿಡ್ಡನ್ನು ಕ್ಯಾಥೋಡ್‌ಗೆ ಸೇರಿಸಲು ತುಂಡು ತಂತಿ ಸಾಕು. ಇಸಿಸಿ83ರದು ಸ್ವಲ್ಪ ತಕರಾರಿನ ಕೆಲಸ. ಹೀಟರ್‌ಗೆ 6.3 ವೋಲ್ಟ್ ಕೊಡಲು 4 ಮತ್ತು 5ನ್ನು ಒಟ್ಟು ಸೇರಿಸಿ ಒಂದು ತಂತಿ, 9ಕ್ಕೆ ಇನ್ನೊಂದು. 9 ಇರುವುದು ಆಚೆ ಕಡೆ. ಹಾಗಾಗಿ ಹೀಟರ್ ತಂತಿ ಸಾಕೆಟ್ಟನ್ನು ಅಡ್ಡ ದಾಟಲೇಬೇಕು. ಎರಡೂ ತಂತಿಯನ್ನು ಬಿಗಿಯಾಗಿ ಹೆಣೆದು ತಂದು, ದಾಟುವ ತುಂಡನ್ನು ನಡುವಿನ ಲೋಹದ ಕೊಳವೆಗೆ ಒತ್ತಿ ಕೂರಿಸಿದೆ. ಆ ಕೊಳವೆಯನ್ನು ಅರ್ತ್ ಮಾಡಿದೆ. ಗ್ರಿಡ್‌ಗಳಾದ 2 ಮತ್ತು 7ರಿಂದ ಹೀಟರ್ ತಂತಿ ಆದಷ್ಟು ದೂರ ಉಳಿಯಿತು.

ದಿಕ್ಕು ತೀರ್ಮಾನವಾದ ಮೇಲೇ ಡ್ರಿಲ್ ಹಿಡಿದೆ. ನೋವಲ್‌ಗೆ ಸಾಮಾನ್ಯವಾಗಿ 22 ಮಿ.ಮೀ., ಆಕ್ಟಲ್‌ಗೆ 28ರಿಂದ 30 ಮಿ.ಮೀ. ತೂತು ಬೇಕಾಗುತ್ತದೆ. ಆದರೂ ಕೈಯಲ್ಲಿರುವ ಸಾಕೆಟ್ ಅಳೆಯದೆ ಕೊರೆಯಬೇಡಿ, ಒಬ್ಬೊಬ್ಬ ತಯಾರಕರದು ಒಂದೊಂದು ಅಳತೆ. ಅಲ್ಯೂಮಿನಿಯಂ ಆದ್ದರಿಂದ ಸ್ಟೆಪ್ ಡ್ರಿಲ್ ಸಲೀಸಾಗಿ ಇಳಿಯಿತು. ಅಂಚನ್ನು ಎರಡೂ ಕಡೆ ಅರದಿಂದ ಉಜ್ಜಿದೆ. ಸೆರಾಮಿಕ್ ಅಡಿಯಲ್ಲಿ ಒಂದು ಚೂರು ಲೋಹ ಉಳಿದರೂ ಸ್ಕ್ರೂ ಬಿಗಿಯುವಾಗ ಸಾಕೆಟ್ ಬಿರುಕು ಬಿಡಬಹುದು. ಫೈಬರ್ ವಾಷರ್ ಹಾಕಿ, ಎರಡೂ ಸ್ಕ್ರೂಗಳನ್ನು ಸರದಿಯಲ್ಲಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿದೆ. ಇಎಲ್34ಗಳ ನಡುವೆ ಧಾರಾಳವಾಗಿ ಜಾಗ ಬಿಟ್ಟೆ. ಅವು ಸಿಕ್ಕಾಪಟ್ಟೆ ಕಾಯುತ್ತವೆ.

ನೋವಲ್‌ಗೆ ಬೆಸುಗೆ ಹಾಕುವಾಗ ಒಂದು ಕೆಟ್ಟ ವಾಲ್ವ್ ಸಿಕ್ಕಿಸಿಟ್ಟಿದ್ದೆ. ಬಿಸಿಗೆ ಕಿವಿಗಳು ಜರುಗದೆ ನೇರ ನಿಲ್ಲುತ್ತವೆ. ದಪ್ಪ ಗಡಸು ತಂತಿಯಿಂದ ಅವನ್ನು ಎಳೆದು ಕಟ್ಟಬಾರದು. ಒಳ್ಳೆ ವಾಲ್ವ್ ಹಾಕಿದಾಗ ಆ ಒತ್ತಡವೆಲ್ಲ ಪಿನ್ನಿನ ಬುಡದ ಗಾಜಿನ ಮೇಲೆ ಬೀಳುತ್ತದೆ. ಇಎಲ್34 ಬದಲು ಇಎಲ್84 (ನೋವಲ್ ಸಾಕೆಟ್ಟಿನ ಚಿಕ್ಕ ಪವರ್ ವಾಲ್ವ್) ಬಳಸುವವರು ಇನ್ನೊಂದು ಗಮನಿಸಿ. ಅದರ 1, 6, 8 ಖಾಲಿ ಅನ್ನಿಸಿದರೂ ಒಳಗೆ ಸಂಪರ್ಕ ಇರಬಹುದು. ಅಲ್ಲಿ ರೆಸಿಸ್ಟರ್ ಕಟ್ಟಬೇಡಿ.

ಹೈ ವೋಲ್ಟೇಜ್ ಕೊಡದೆ ಮೊದಲು ಹೀಟರ್ ಮಾತ್ರ ಹಚ್ಚಿದೆ. ಒಂದೊಂದು ಇಎಲ್34ಗೆ 1.5 ಆಂಪಿಯರ್, ಇಸಿಸಿ83ಗೆ 0.3, ಒಟ್ಟು 3.3. ವಾಲ್ವ್‌ಗಳೆಲ್ಲ ಉರಿಯುತ್ತಿರುವಾಗಲೇ ಪ್ರತಿ ಸಾಕೆಟ್ಟಿನ ಪಿನ್ನಿನಲ್ಲಿ ಮೀಟರ್ ಇಟ್ಟು 6.3 ವೋಲ್ಟ್ ಬರುತ್ತಿದೆಯಾ ನೋಡಿದೆ. ಟ್ರಾನ್ಸ್‌ಫಾರ್ಮರ್ ತುದಿಯಲ್ಲಿ ಸರಿಯಿದ್ದು ಸಾಕೆಟ್ಟಿನಲ್ಲಿ ಕಡಿಮೆ ತೋರಿಸಿದರೆ, ತಂತಿ ಸಣ್ಣದಾಗಿದೆ ಅಥವಾ ಬೆಸುಗೆ ಸರಿಯಾಗಿ ಹಿಡಿದಿಲ್ಲ. ಅದನ್ನು ಸರಿಮಾಡಿಕೊಂಡೇ ಹೈ ವೋಲ್ಟೇಜ್ ಕೊಡಿ.