‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತುವ ಮುಂಚೆ

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತಿದ್ದು 2020ರ ಜನವರಿ 14ಕ್ಕೆ. ಆಗ ನಾನು ನೋಡಿಕೊಳ್ಳುವ ಚಿಕ್ಕ ಪ್ರೆಸ್‌ಗಳು, ಡಿಟಿಪಿ ಅಂಗಡಿಗಳು ಒಂದೊಂದಾಗಿ ವಿಂಡೋಸ್ 10ಕ್ಕೆ ಬಂದವು. ಹೊಸದಾಗಿ ಇನ್‌ಸ್ಟಾಲ್ ಮಾಡಿ ಹಳೇ ಫೈಲ್‌ಗಳನ್ನು ವಾಪಸ್ ಹಾಕುವುದು ಸುಲಭ. ಕಷ್ಟ ಶುರುವಾಗುವುದು ಆಮೇಲೆ. ಇದು ತೆರೆಯಲ್ಲ, ಅದು ಸೇವ್ ಆಗಲ್ಲ, ‘ಆ್ಯಕ್ಸೆಸ್ ಡಿನೈಡ್’, ಅಂದರೆ ನಿಮಗೆ ಅನುಮತಿ ಇಲ್ಲ. ಇಂಥ ಫೋನ್‌ಗಳಲ್ಲಿ ಒಂದು ನನಗೆ ತುಂಬಾ ಕಲಿಸಿತು.

ಲಗ್ನಪತ್ರಿಕೆ ಮಾಡುವ ಒಂದು ಪ್ರೆಸ್. ಅಲ್ಲಿ ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಒಂದಿತ್ತು. ಹೊಸ ವಿಂಡೋಸ್‌ನಲ್ಲಿ ಅದು ಕೆಲವು ದಿನ ಸುಮ್ನೆ ಓಡಿತು. ಒಂದು ದಿನ ಅದರ ಅಪ್‌ಡೇಟ್ ಹಾಕಲು ಹೋದಾಗ ‘ಆ್ಯಕ್ಸೆಸ್ ಡಿನೈಡ್’ ಬಂತು. ಯಾರೋ ಹೇಳಿದರಂತೆ, ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ಗೆ ಹೋಗಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ (ಪ್ರೋಗ್ರಾಂಗೆ ಅಡ್ಮಿನಿಸ್ಟ್ರೇಟರ್‌ನ ಅಧಿಕಾರ ಕೊಟ್ಟು ಓಡಿಸುವ ಆಯ್ಕೆ) ಟಿಕ್ ಮಾಡಿ ಅಂತ. ಮಾಡಿದರು. ಅಪ್‌ಡೇಟ್ ಆಯಿತು. ಮಾರನೇ ದಿನ ಬೆಳಿಗ್ಗೆ ಬಿಲ್ ಹಾಕುವ ಹುಡುಗಿ ಫೋನ್ ಮಾಡಿದಳು: “ಸರ್, ಹೊಸ ವಿಂಡೋಸ್ ಬಂದ ಮೇಲೆ ಹಾಕಿದ ಬಿಲ್ ಒಂದೂ ಕಾಣ್ತಿಲ್ಲ. ಹಳೇವು ಮಾತ್ರ ಇವೆ.”

ಬಿಲ್‌ಗಳು ಅಳಿಸಿಹೋಗಿರಲಿಲ್ಲ. ಬೇರೆ ಕಡೆ ಇದ್ದವು. ಇದು ಹೇಗಾಯಿತು ಅಂತ ತಿಳಿದುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಯೂಸರ್ ಅಕೌಂಟ್ ಕಂಟ್ರೋಲ್ (ಯುಎಸಿ) ಎಂಬ ವ್ಯವಸ್ಥೆ ವಿಂಡೋಸ್ ವಿಸ್ತಾ ಜೊತೆ ಬಂತು. ಅದು ಚಾಲೂ ಇದ್ದಾಗ, ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆದರೂ ನೀವು ತೆರೆಯುವ ಪ್ರೋಗ್ರಾಂಗೆ ಸಾಮಾನ್ಯ ಬಳಕೆದಾರನ ಅಧಿಕಾರ ಮಾತ್ರ ಸಿಗುತ್ತದೆ. ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರ್ ಒಳಗೆ ಅದು ಬರೆಯುವಂತಿಲ್ಲ. ಆದರೆ ಹಳೇ ಸಾಫ್ಟ್‌ವೇರ್‌ಗಳು ತಮ್ಮ ಡೇಟಾವನ್ನು ಅಲ್ಲೇ ಇಟ್ಟುಕೊಳ್ಳುತ್ತಿದ್ದವು. ಅವು ಪೂರ್ತಿ ನಿಂತುಹೋಗಬಾರದು ಅಂತ ವಿಂಡೋಸ್ ಒಂದು ಉಪಾಯ ಮಾಡುತ್ತದೆ. ಹಳೇ ಕಾಲದ 32 ಬಿಟ್ ಪ್ರೋಗ್ರಾಂ ಅಲ್ಲಿ ಬರೆಯಲು ಹೋದರೆ, ಆ ಫೈಲನ್ನು ಬಳಕೆದಾರನ ಹೆಸರಿನ ಫೋಲ್ಡರ್‌ನಲ್ಲಿ ಆ್ಯಪ್‌ಡೇಟಾ, ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್ ಎಂಬ ಜಾಗದಲ್ಲಿ ಬರೆಸುತ್ತದೆ. ಓದುವಾಗಲೂ ಮೊದಲು ಅಲ್ಲೇ ನೋಡುತ್ತದೆ. ಪ್ರೋಗ್ರಾಂಗೆ ಇದು ಗೊತ್ತೇ ಆಗುವುದಿಲ್ಲ. ಪ್ರೋಗ್ರಾಂ ಓಡಲು ಬೇಕಾದ ಮುಖ್ಯ ಇಎಕ್ಸ್ಇ, ಡಿಎಲ್ಎಲ್ ಫೈಲ್‌ಗಳಿಗೆ ಮಾತ್ರ ಈ ಸೌಲಭ್ಯ ಇಲ್ಲ, ಅಪ್‌ಡೇಟ್ ಬದಲಿಸಲು ಹೋಗುವುದು ಅವನ್ನೇ. ಅದಕ್ಕೇ ಬಿಲ್ ಸೇವ್ ಆಗುತ್ತಿತ್ತು, ಅಪ್‌ಡೇಟ್ ಆಗುತ್ತಿರಲಿಲ್ಲ.

ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದ ಕೂಡಲೇ ಈ ಉಪಾಯ ನಿಲ್ಲುತ್ತದೆ. ಪ್ರೋಗ್ರಾಂ ನೇರವಾಗಿ ‘ಪ್ರೋಗ್ರಾಂ ಫೈಲ್ಸ್’ ಒಳಗಿನ ಪ್ರತಿಯನ್ನೇ ತೆರೆಯುತ್ತದೆ. ಆ ಪ್ರತಿ ಹಳೇ ಕಂಪ್ಯೂಟರ್‌ನಿಂದ ತಂದು ಹಾಕಿದ ದಿನದಲ್ಲೇ ನಿಂತಿತ್ತು. ಕಂಪ್ಯೂಟರ್‌ನಲ್ಲಿ ಇಬ್ಬರ ಲಾಗಿನ್ ಇದ್ದಿದ್ದರೆ ಇಬ್ಬರಿಗೂ ಬೇರೆ ಬೇರೆ ಬಿಲ್ ಪುಸ್ತಕ ಆಗಿರುತ್ತಿತ್ತು.

ವಿಂಡೋಸ್ 7ರಲ್ಲಿ ಈ ತೊಂದರೆ ಯಾಕಿರಲಿಲ್ಲ? ಅಲ್ಲಿ ಯೂಸರ್ ಅಕೌಂಟ್ ಕಂಟ್ರೋಲ್‌ನ ಸ್ಲೈಡರ್ ಪೂರ್ತಿ ಕೆಳಗೆ ಎಳೆದಿಟ್ಟಿದ್ದರು. ಆ ವಿಂಡೋಸ್‌ನಲ್ಲಿ ಹಾಗೆ ಎಳೆದರೆ ವ್ಯವಸ್ಥೆ ಪೂರ್ತಿ ಬಂದ್. ವಿಂಡೋಸ್ 8ರಿಂದ ಈಚೆಗೆ ಸ್ಲೈಡರ್ ಕೆಳಗಿದ್ದರೆ ಕೇಳುವ ಕಿಟಕಿ ಮಾತ್ರ ಬರುವುದಿಲ್ಲ, ಒಳಗಿನ ವ್ಯವಸ್ಥೆ ಚಾಲೂ ಇರುತ್ತದೆ. ‘ಹಳೇದರಲ್ಲಿ ಇದೇ ಸೆಟ್ಟಿಂಗ್ ಇತ್ತಲ್ಲ’ ಅನ್ನುವವರಿಗೆ ಇದೇ ಉತ್ತರ.

ಅಡ್ಮಿನಿಸ್ಟ್ರೇಟರ್ ಟಿಕ್‌ನಿಂದ ಆ ಪ್ರೆಸ್‌ನಲ್ಲಿ ಇನ್ನೊಂದು ತೊಂದರೆಯೂ ಆಗಿತ್ತು. ಬಿಲ್‌ನಲ್ಲಿ ಗ್ರಾಹಕರ ಹೆಸರನ್ನು ಕನ್ನಡದಲ್ಲಿ ಹೊಡೆಯಲು ಆಗುತ್ತಿರಲಿಲ್ಲ. ಬೇರೆ ಎಲ್ಲಾ ಕಡೆ ಕನ್ನಡ ಬರುತ್ತಿತ್ತು, ಬಿಲ್ ಕಿಟಕಿಯಲ್ಲಿ ಮಾತ್ರ ಇಂಗ್ಲಿಷ್. ನಮ್ಮ ಕನ್ನಡ ಕೀಲಿಮಣೆ ತಂತ್ರಾಂಶಗಳಲ್ಲಿ ಹಲವು ನಾವು ಒತ್ತುವ ಕೀಲಿಯನ್ನು ಮಧ್ಯದಲ್ಲಿ ಹಿಡಿದು ಕನ್ನಡ ಅಕ್ಷರ ಕಳಿಸುತ್ತವೆ. ಕಡಿಮೆ ಅಧಿಕಾರದ ಪ್ರೋಗ್ರಾಂ ಜಾಸ್ತಿ ಅಧಿಕಾರದ ಕಿಟಕಿಗೆ ಹೀಗೆ ಕೈಹಾಕಲು ವಿಂಡೋಸ್ ಬಿಡುವುದಿಲ್ಲ. ಅದು ಸರಿಯಾದ ರಕ್ಷಣೆಯೇ. ಇಲ್ಲದಿದ್ದರೆ ಯಾವುದೋ ವೈರಸ್ ಅದೇ ದಾರಿ ಹಿಡಿಯುತ್ತದೆ. ಇದೇ ಕಾರಣಕ್ಕೆ ಫೈಲನ್ನು ಎಳೆದು ಅಂಥ ಕಿಟಕಿಗೆ ಹಾಕಲೂ ಆಗುವುದಿಲ್ಲ. ನೆಟ್‌ವರ್ಕ್‌ನಲ್ಲಿ ಜೋಡಿಸಿದ ಝಡ್ ಡ್ರೈವ್ ಕೂಡ ಸಾಮಾನ್ಯವಾಗಿ ಅದರೊಳಗೆ ಕಾಣುವುದಿಲ್ಲ, ಆದರೆ ಅದಕ್ಕೆ ಕಾರಣ ಬೇರೆ: ಅಡ್ಮಿನಿಸ್ಟ್ರೇಟರ್ ಆಗಿ ಓಡುವ ಪ್ರೋಗ್ರಾಂ ಅನ್ನು ವಿಂಡೋಸ್ ಬೇರೆ ಲಾಗಿನ್ ಎಂದೇ ನೋಡುತ್ತದೆ. ಕನ್ನಡ ತಂತ್ರಾಂಶವನ್ನೂ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಅಂತ ಸಲಹೆ ಕೊಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ದಿನವಿಡೀ ಎಲ್ಲಾ ಕೀಲಿಗಳನ್ನು ನೋಡುವ ಪ್ರೋಗ್ರಾಂಗೆ ಅಷ್ಟು ಅಧಿಕಾರ ಯಾಕೆ ಕೊಡಬೇಕು?

ಸರಿ ಮಾಡಿದ್ದು ಹೀಗೆ. ಮೊದಲು ಸಾಫ್ಟ್‌ವೇರ್ ಮುಚ್ಚಿಸಿ ಎರಡೂ ಪ್ರತಿಗಳನ್ನು ಪೆನ್‌ಡ್ರೈವ್‌ಗೆ ತೆಗೆದೆ. ಆ್ಯಪ್‌ಡೇಟಾ ಮರೆಯಾಗಿರುವ ಫೋಲ್ಡರ್, ಎಕ್ಸ್‌ಪ್ಲೋರರ್‌ನಲ್ಲಿ ಹಿಡನ್ ಐಟಂಸ್ ತೋರಿಸಲು ಹೇಳಿದರೆ ಕಾಣುತ್ತದೆ. ತಾರೀಖು ನೋಡಿದೆ. ವರ್ಚುವಲ್‌ಸ್ಟೋರ್‌ನಲ್ಲಿದ್ದದ್ದೇ ಹೊಸದು. ಸದ್ಯ, ಟಿಕ್ ಮಾಡಿದ ಮೇಲೆ ಯಾರೂ ಹೊಸ ಬಿಲ್ ಹಾಕಿರಲಿಲ್ಲ. ಹಾಕಿದ್ದರೆ ಎರಡನ್ನೂ ಕೂಡಿಸುವುದು ದೊಡ್ಡ ಕೆಲಸವಾಗುತ್ತಿತ್ತು.

ಆಮೇಲೆ ಅಡ್ಮಿನಿಸ್ಟ್ರೇಟರ್ ಟಿಕ್ ತೆಗೆದು, ಸಾಫ್ಟ್‌ವೇರನ್ನು ಸಿ ಡ್ರೈವ್‌ನಲ್ಲಿ ನೇರವಾಗಿ ಒಂದು ಹೊಸ ಫೋಲ್ಡರ್ ಮಾಡಿ ಅಲ್ಲಿ ಇನ್‌ಸ್ಟಾಲ್ ಮಾಡಿದೆ. ಹಾಗೆ ಮಾಡಿದ ಫೋಲ್ಡರ್‌ನಲ್ಲಿ ಲಾಗಿನ್ ಆದ ಎಲ್ಲರಿಗೂ ಬರೆಯುವ ಅನುಮತಿ ತಾನಾಗಿ ಇರುತ್ತದೆ. ವರ್ಚುವಲ್‌ಸ್ಟೋರ್‌ನಿಂದ ಹೊಸ ಡೇಟಾ ತಂದು ಅಲ್ಲಿಟ್ಟೆ. ಬಿಲ್‌ಗಳು ಬಂದವು, ಕನ್ನಡವೂ ಬಂತು.

ಕೆಲವು ಸಾಫ್ಟ್‌ವೇರ್ ಜಾಗ ಬದಲಿಸಲು ಬಿಡುವುದಿಲ್ಲ. ಆಗ ಅದರ ಡೇಟಾ ಫೋಲ್ಡರ್ ಒಂದಕ್ಕೆ ಮಾತ್ರ, ಪ್ರಾಪರ್ಟೀಸ್‌ನ ಸೆಕ್ಯೂರಿಟಿ ಟ್ಯಾಬ್‌ನಲ್ಲಿ ಯೂಸರ್ಸ್ ಗುಂಪಿಗೆ ಮಾಡಿಫೈ (ಬರೆಯುವ, ಬದಲಿಸುವ ಅನುಮತಿ) ಕೊಡುತ್ತೇನೆ. ಎವ್ರಿವನ್‌ಗೆ ಫುಲ್ ಕಂಟ್ರೋಲ್ ಕೊಡುವ ಅಗತ್ಯವೇ ಬರುವುದಿಲ್ಲ. ಅನುಮತಿ ಕೊಟ್ಟು, ವರ್ಚುವಲ್‌ಸ್ಟೋರ್‌ನ ಹೊಸ ಡೇಟಾವನ್ನು ಅಲ್ಲಿಗೆ ತಂದ ಮೇಲೆ, ವರ್ಚುವಲ್‌ಸ್ಟೋರ್‌ನಲ್ಲಿರುವ ಆ ಫೋಲ್ಡರ್‌ನ ಹೆಸರು ಬದಲಿಸಲೇಬೇಕು. ಇಲ್ಲದಿದ್ದರೆ ಪ್ರೋಗ್ರಾಂ ಮತ್ತೆ ವರ್ಚುವಲ್‌ಸ್ಟೋರ್‌ನಿಂದಲೇ ಓದುತ್ತದೆ. ಯಾವ ಪ್ರೋಗ್ರಾಂಗೆ ಈ ವರ್ಚುವಲ್‌ಸ್ಟೋರ್ ಉಪಾಯ ಚಾಲೂ ಇದೆ ಅಂತ ಅನುಮಾನ ಬಂದರೆ, ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್‌ನಲ್ಲಿ ‘ಯುಎಸಿ ವರ್ಚುವಲೈಸೇಷನ್’ ಎಂಬ ಕಾಲಂ ಸೇರಿಸಿಕೊಂಡು ನೋಡಬಹುದು.

ಇನ್ನು ಹಳೇ ಡಿಸ್ಕ್‌ನ ವಿಷಯ. ಅದನ್ನು ಹೊಸ ವಿಂಡೋಸ್ ಇರುವ ಕಂಪ್ಯೂಟರ್‌ಗೆ ಜೋಡಿಸಿದಾಗ ಡಿ ಡ್ರೈವ್‌ನ ಫೋಲ್ಡರ್‌ಗಳು ಸಲೀಸಾಗಿ ತೆರೆಯುತ್ತವೆ, ಹಳೇ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಮಾತ್ರ ತೆರೆಯುವುದಿಲ್ಲ. ವಿಂಡೋಸ್ ಅನುಮತಿ ಬರೆದಿಡುವುದು ನಿಮ್ಮ ಹೆಸರಿಗಲ್ಲ, ಎಸ್-1-5-21 ಅಂತ ಶುರುವಾಗುವ ಉದ್ದ ಸಂಖ್ಯೆಗೆ. ಹೊಸ ಇನ್‌ಸ್ಟಾಲ್‌ನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಇಟ್ಟರೂ ಸಂಖ್ಯೆ ಬೇರೆ. ಡಿ ಡ್ರೈವ್‌ನಲ್ಲಿ ಅನುಮತಿ ಇರುವುದು ಸಾಮಾನ್ಯ ಗುಂಪುಗಳಿಗೆ, ಅವುಗಳ ಸಂಖ್ಯೆ ಎಲ್ಲಾ ಕಂಪ್ಯೂಟರ್‌ನಲ್ಲೂ ಒಂದೇ. ಆ ಡೆಸ್ಕ್‌ಟಾಪ್ ಫೋಲ್ಡರ್ ಮೇಲೆ ಸೆಕ್ಯೂರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಬದಲಿಸಿ, ಒಳಗಿನವಕ್ಕೂ ಅನ್ವಯಿಸುವ ಟಿಕ್ ಹಾಕಿ, ಆಮೇಲೆ ನಿಮಗೆ ಅನುಮತಿ ಸೇರಿಸಿಕೊಳ್ಳಿ. ಬೇಕಾದ ಫೋಲ್ಡರ್‌ಗೆ ಮಾತ್ರ ಮಾಡಿ. ವಿಂಡೋಸ್ ಫೋಲ್ಡರ್‌ಗೋ ಇಡೀ ಸಿ ಡ್ರೈವ್‌ಗೋ ಮಾಡಿದರೆ ಮತ್ತೆ ಇನ್‌ಸ್ಟಾಲ್ ಮಾಡುವ ಸ್ಥಿತಿ ಬರಬಹುದು.

ಓನರ್ ಬದಲಿಸಿದರೂ ಫೈಲ್ ತೆರೆಯದಿದ್ದರೆ ಅದು ಎನ್‌ಕ್ರಿಪ್ಟ್ ಆಗಿರಬಹುದು, ಅಂದರೆ ಬೀಗ ಹಾಕಿದಂತೆ ಗುಪ್ತಲಿಪಿಯಲ್ಲಿರಬಹುದು. ಅದನ್ನು ತೆರೆಯುವ ಕೀಲಿಯಾಗಿ ಹಳೇ ಲಾಗಿನ್‌ನ ಸರ್ಟಿಫಿಕೇಟ್ ಬೇಕು. ಹಳೇ ವಿಂಡೋಸ್ ಅಳಿಸುವ ಮುಂಚೆಯೇ ಅದನ್ನು ತೆಗೆದಿಟ್ಟುಕೊಳ್ಳಿ. ಹಳೇದರ ಮೇಲೆಯೇ ಅಪ್‌ಗ್ರೇಡ್ ಮಾಡಿದಾಗ ಸಿಗುವ ‘ವಿಂಡೋಸ್ ಓಲ್ಡ್’ ಫೋಲ್ಡರ್ ಸಾಮಾನ್ಯವಾಗಿ 10 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಬೇಕಾದ್ದನ್ನು ಅಷ್ಟರೊಳಗೆ ತೆಗೆದುಕೊಳ್ಳಿ.

ಈಗ ವಿಂಡೋಸ್ 11 ಪ್ರೊಗೆ ಹೋಗುತ್ತಿರುವವರಿಂದ ಜಾಸ್ತಿ ಬರುವ ಪ್ರಶ್ನೆ ಶೇರ್ ಮಾಡಿದ ಫೋಲ್ಡರ್‌ನದ್ದು. 24ಎಚ್2 ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶ ಬಂದ್ ಆಗಿದೆ. ಅದನ್ನು ಮತ್ತೆ ತೆರೆಯಬೇಡಿ. ಫೋಲ್ಡರ್ ಇರುವ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಇರುವ ಒಂದು ಸಾಮಾನ್ಯ ಲಾಗಿನ್ ಮಾಡಿ, ಶೇರಿಂಗ್ ಮತ್ತು ಸೆಕ್ಯೂರಿಟಿ ಎರಡೂ ಕಡೆ ಅದಕ್ಕೆ ಅನುಮತಿ ಕೊಟ್ಟು, ಉಳಿದ ಕಂಪ್ಯೂಟರ್‌ಗಳಿಂದ ಆ ಹೆಸರಿನಲ್ಲೇ ಸೇರಿಕೊಳ್ಳಿ.